ಹೊಲದ ಕಾವಲಿಗೆ ಚಲನಸೂಚಕ: ಸಣ್ಣ ಗಣಕದಿಂದ ಅದನ್ನು ಓದುವ ಕ್ರಮ

ಕಾಡಿನ ಅಂಚಿನಲ್ಲಿರುವ ಗ್ರಾಮಗಳಲ್ಲಿ ಬೆಳೆಯನ್ನು ಬೆಳೆಯುವುದು ಎಷ್ಟು ಕಷ್ಟವೋ ಬೆಳೆದುದನ್ನು ಕಣಕ್ಕೆ ತರುವುದೂ ಅಷ್ಟೇ ಕಷ್ಟವೆಂಬುದು ಬೇಸಾಯಗಾರರೆಲ್ಲರಿಗೂ ತಿಳಿದ ಸಂಗತಿ. ರಾಗಿಯು ತೆನೆ ಕಟ್ಟಿ ಹಾಲು ತುಂಬುವ ಕಾಲಕ್ಕೂ, ಮುಸುಕಿನ ಜೋಳವು ಕಾಳುಗಟ್ಟುವ ಕಾಲಕ್ಕೂ, ಕಡಲೆಕಾಯಿಯು ಬಲಿಯುವ ಕಾಲಕ್ಕೂ ಸರಿಯಾಗಿ ಕಾಡುಹಂದಿಗಳು ಹೊಲಕ್ಕೆ ಇಳಿಯುವುವು. ಹಂದಿಯ ಹಿಂಡು ಒಂದು ರಾತ್ರಿ ಹೊಲವನ್ನು ಹೊಕ್ಕರೆ ತಿಂದುದಕ್ಕಿಂತಲೂ ಅಗೆದು ತುಳಿದು ಕೆಡಿಸಿದುದೇ ಹೆಚ್ಚಾಗಿರುವುದು. ಚಾಮರಾಜನಗರ, ಕೊಡಗು, ಹಾಸನ ಮೊದಲಾದ ಜಿಲ್ಲೆಗಳ ಅಂಚಿನ ಊರುಗಳಲ್ಲಿ ಇದರೊಂದಿಗೆ ಆನೆಯ ಭಯವೂ ಸೇರಿದೆ. ೨೦೨೩ನೆಯ ಇಸವಿಯ ಗಣತಿಯಲ್ಲಿ ಕರ್ನಾಟಕದಲ್ಲಿ ೬,೩೯೫ ಆನೆಗಳಿರುವುವೆಂದು ಅಂದಾಜು ಮಾಡಲಾಯಿತು.

ಇದಕ್ಕೆ ಹಿಂದಿನಿಂದ ನಡೆದು ಬಂದ ಉಪಾಯವೆಂದರೆ ರಾತ್ರಿಯ ಕಾವಲು. ಅಟ್ಟಣೆಯನ್ನು ಕಟ್ಟಿ, ಬೆಂಕಿ ಹಾಕಿ, ತಮಟೆ ಬಡಿದು, ಕೂಗು ಹಾಕಿ ಬೆಳೆಯನ್ನು ಉಳಿಸಿಕೊಳ್ಳುವುದು ವಾಡಿಕೆ. ಆದರೆ ಹಗಲೆಲ್ಲ ಹೊಲದಲ್ಲಿ ದುಡಿದವನು ಒಂದು ರಾತ್ರಿ ಎಚ್ಚರವಾಗಿರಬಹುದು, ಎರಡು ರಾತ್ರಿ ಇರಬಹುದು, ತಿಂಗಳುಗಟ್ಟಲೆ ಇರಲಾರನು. ಅವನು ಕಣ್ಣು ಮುಚ್ಚಿದ ಜಾವದಲ್ಲಿಯೇ ಬೆಳೆ ಹೋಗುವುದು. ಹೀಗೆ ಬೇಸತ್ತವರಲ್ಲಿ ಕೆಲವರು ಬೇಲಿಗೆ ಮನೆಯ ವಿದ್ಯುತ್ತನ್ನೇ ಹಾಯಿಸುವ ಘೋರ ಕಾರ್ಯಕ್ಕೆ ಕೈಹಾಕಿರುವುದೂ, ಅದರಿಂದ ಆನೆ, ದನಕರು, ಮನುಷ್ಯರು ಸಹ ಪ್ರಾಣ ಕಳೆದುಕೊಂಡಿರುವುದೂ ಉಂಟು.

ಕಾವಲುಗಾರನಿಗೆ ನಿದ್ರೆಯೂ ಬೆಳೆಗೆ ರಕ್ಷಣೆಯೂ ಒಟ್ಟಿಗೆ ದೊರಕುವ ಮಾರ್ಗಗಳಲ್ಲಿ ಚಲನಸೂಚಕವೂ ಒಂದು. ಇದು ಬೆಲೆಯಲ್ಲಿ ಸಣ್ಣದು. ಆದರೆ ಇದರ ಸ್ವಭಾವವನ್ನು ತಿಳಿಯದೆ ಕೊಂಡು ತಂದು ಬೇಲಿಗೆ ಕಟ್ಟಿದವರು ಒಂದು ವಾರದೊಳಗೆ ಅದನ್ನು ಕಿತ್ತು ಮೂಲೆಗೆ ಹಾಕುವರು. ರಾತ್ರಿ ಇಪ್ಪತ್ತು ಸಾರಿ ಸುಮ್ಮನೆ ಕೂಗಿದ ಗಂಟೆಯನ್ನು ಇಪ್ಪತ್ತೊಂದನೆಯ ಸಾರಿ ಯಾರೂ ಎದ್ದು ನೋಡುವುದಿಲ್ಲ. ಹಂದಿ ಬರುವುದು ಆಗಲೇ. ಆದುದರಿಂದ ಈ ಸಾಧನದ ಗುಣ, ದೋಷ, ಅದನ್ನು ಸಣ್ಣ ಗಣಕದೊಂದಿಗೆ ಜೋಡಿಸಿ ಓದುವ ಕ್ರಮ, ಓದಿದುದರ ಅರ್ಥವನ್ನು ತಿಳಿಯುವ ಬಗೆ ಇವುಗಳನ್ನು ಈ ಕೆಳಗೆ ವಿವರಿಸಿದೆ.

೧. ಚಲನಸೂಚಕದ ಸ್ವಭಾವ

ಪೇಟೆಯಲ್ಲಿ ಮೋಷನ್ ಸೆನ್ಸರ್ ಎಂದು ಕರೆಯುವ ಸೂಚಕಗಳಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಬೆಲೆ ಕಡಿಮೆಯಾದುದೂ ಸುಲಭವಾಗಿ ದೊರಕುವುದೂ ಪಿ.ಐ.ಆರ್. ಎಂಬ ಬಗೆ. ಎಚ್.ಸಿ.-ಎಸ್.ಆರ್. ೫೦೧ ಎಂಬ ಹೆಸರಿನ ಸಣ್ಣ ಹಲಗೆಯು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮುಖದಲ್ಲಿ ಬಿಳಿಯ ಗುಮ್ಮಟವೊಂದು ಕಾಣುವುದು. ಗುಮ್ಮಟದ ಕೆಳಗೆ ಶಾಖವು ಏರಿಳಿದಾಗ ವಿದ್ಯುತ್ತನ್ನು ಹುಟ್ಟಿಸುವ ಎರಡು ಸಣ್ಣ ತುಂಡುಗಳು ಪಕ್ಕಪಕ್ಕದಲ್ಲಿರುವುವು.

ಬಿಸಿರಕ್ತದ ಪ್ರಾಣಿಗಳ ಮೈಯಿಂದ ಶಾಖವು ಕಣ್ಣಿಗೆ ಕಾಣದ ಕಿರಣಗಳಾಗಿ ಸದಾ ಹೊರಬೀಳುತ್ತಿರುವುದು. ಈ ಕಿರಣಗಳ ಅಲೆಗಳು ಕಣ್ಣಿಗೆ ಕಾಣುವ ಬೆಳಕಿನ ಅಲೆಗಳಿಗಿಂತ ಸುಮಾರು ಇಪ್ಪತ್ತು ಪಾಲು ಉದ್ದವಾದುವು. ಗುಮ್ಮಟವು ತನ್ನ ಎದುರಿನ ಬಯಲನ್ನು ಬೀಸಣಿಗೆಯ ಕಡ್ಡಿಗಳಂತೆ ಅನೇಕ ಪಟ್ಟಿಗಳಾಗಿ ವಿಭಾಗಿಸಿ ಕಿರಣಗಳನ್ನು ಆ ಎರಡು ತುಂಡುಗಳ ಮೇಲೆ ಬೀಳಿಸುವುದು. ಪ್ರಾಣಿಯು ಒಂದು ಪಟ್ಟಿಯಿಂದ ಮತ್ತೊಂದಕ್ಕೆ ದಾಟುವಾಗ ಮೊದಲು ಒಂದು ತುಂಡೂ ಆಮೇಲೆ ಮತ್ತೊಂದೂ ಬೆಚ್ಚಗಾಗುವುವು. ಈ ವ್ಯತ್ಯಾಸವೇ ಸೂಚನೆಯಾಗಿ ಹೊರಬರುವುದು. ಎರಡು ತುಂಡುಗಳೂ ಒಂದೇ ಸಮನಾಗಿ ಬೆಚ್ಚಗಾದರೆ ಒಂದರ ಫಲವನ್ನು ಇನ್ನೊಂದು ಕಳೆದುಬಿಡುವುದರಿಂದ ಸೂಚನೆ ಹುಟ್ಟುವುದಿಲ್ಲ.

ಇದರಿಂದ ನಾಲ್ಕು ಸಂಗತಿಗಳು ತಿಳಿಯಬರುವುವು.

(ಅ) ಅಲುಗದೆ ನಿಂತ ಪ್ರಾಣಿಯನ್ನು ಇದು ಕಾಣದು.

(ಆ) ಎದುರಿನಲ್ಲಿ ಅಡ್ಡಲಾಗಿ ಹಾಯ್ದುಹೋಗುವ ಪ್ರಾಣಿಯನ್ನು ಚೆನ್ನಾಗಿ ಕಾಣುವುದು. ನೇರವಾಗಿ ತನ್ನ ಕಡೆಗೇ ನಡೆದು ಬರುವುದನ್ನು ತಡವಾಗಿ ಕಾಣುವುದು.

(ಇ) ಸುತ್ತಲಿನ ನೆಲವೂ ಗಾಳಿಯೂ ಪ್ರಾಣಿಯ ಮೈಯಷ್ಟೇ ಬಿಸಿಯಾಗಿರುವ ಬೇಸಗೆಯ ಮಧ್ಯಾಹ್ನದಲ್ಲಿ ಇದರ ಶಕ್ತಿ ಕುಂದುವುದು. ತಂಪಾದ ರಾತ್ರಿಯಲ್ಲಿ ಹೆಚ್ಚುವುದು. ಬೆಳೆಯ ಕಾವಲು ರಾತ್ರಿಯದೇ ಆದುದರಿಂದ ಇದು ಅನುಕೂಲವೇ ಆಗಿದೆ.

(ಈ) ಹಂದಿಯೋ ನಾಯಿಯೋ ಮನುಷ್ಯನೋ ಎಂಬುದನ್ನು ಇದು ಹೇಳಲಾರದು. "ಬೆಚ್ಚಗಿರುವುದೇನೋ ಅಲುಗಿತು" ಎಂಬುದಷ್ಟೇ ಇದರ ಮಾತು. ಉಳಿದುದನ್ನು ಸ್ಥಳದ ಆಯ್ಕೆಯಿಂದಲೂ ದಾಖಲೆಯ ಪರಿಶೀಲನೆಯಿಂದಲೂ ಮನುಷ್ಯನೇ ತಿಳಿಯಬೇಕು.

ಈ ಸೂಚಕದ ದೃಷ್ಟಿ ಹೆಚ್ಚೆಂದರೆ ೭ ಮೀಟರು, ಎಂದರೆ ಸುಮಾರು ೨೩ ಅಡಿ. ಇಡೀ ಹೊಲವನ್ನು ಒಂದು ಸೂಚಕ ಕಾಯುವುದೆಂದು ಯಾರೂ ಭ್ರಮಿಸಕೂಡದು. ಹಲಗೆಯ ಮೇಲೆ ತಿರುಗಿಸುವ ಎರಡು ತಿರುಪುಗಳಿವೆ. ಒಂದು ದೃಷ್ಟಿಯ ದೂರವನ್ನು ಸುಮಾರು ೩ ಮೀಟರಿನಿಂದ ೭ ಮೀಟರಿನವರೆಗೂ, ಇನ್ನೊಂದು ಸೂಚನೆಯು ನಿಲ್ಲುವ ಕಾಲವನ್ನು ಕೆಲವು ಸೆಕೆಂಡುಗಳಿಂದ ಸುಮಾರು ೫ ನಿಮಿಷದವರೆಗೂ ಬದಲಾಯಿಸುವುವು. ಓದುವ ಕೆಲಸಕ್ಕೆ ಕಾಲದ ತಿರುಪನ್ನು ಅತ್ಯಂತ ಕಡಿಮೆಯಲ್ಲಿಡಬೇಕು. ಇಲ್ಲವಾದರೆ ಮೊದಲನೆಯ ಪ್ರಾಣಿಯ ಸೂಚನೆ ಇಳಿಯುವುದರೊಳಗೆ ಹಿಂಡೆಲ್ಲ ದಾಟಿಹೋಗಿರುವುದು. ಸೂಚನೆ ಇಳಿದ ಮೇಲೆ ಸುಮಾರು ೩ ಸೆಕೆಂಡು ಸೂಚಕವು ಏನನ್ನೂ ಕಾಣದು. ವಿದ್ಯುತ್ತನ್ನು ಕೊಟ್ಟ ಮೊದಲ ಒಂದು ನಿಮಿಷದಲ್ಲಿ ಅದು ಸುಮ್ಮನೆ ಒಂದೆರಡು ಸಾರಿ ಸೂಚನೆ ಕೊಡುವುದುಂಟು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

೨. ಸಣ್ಣ ಗಣಕ

ಸೂಚಕವು ಕೊಟ್ಟ ಸುದ್ದಿಯನ್ನು ಹೊತ್ತಿನೊಂದಿಗೆ ಬರೆದಿಡುವುದಕ್ಕೆ ಒಂದೇ ಹಲಗೆಯ ಮೇಲೆ ರಚಿತವಾದ ಗಣಕಗಳು ಈಗ ದೊರಕುತ್ತವೆ. ಇವುಗಳಲ್ಲಿ ಹೆಸರಾದುದು ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಿಂದ ೨೦೧೨ನೆಯ ಇಸವಿ ಫೆಬ್ರವರಿಯಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ. ಮಕ್ಕಳಿಗೆ ಗಣಕದ ವಿದ್ಯೆಯನ್ನು ಅಗ್ಗವಾಗಿ ಕಲಿಸುವ ಉದ್ದೇಶದಿಂದ ಹುಟ್ಟಿದ ಈ ಹಲಗೆ ಬೇಗನೆ ಕಾರ್ಖಾನೆ, ಪ್ರಯೋಗಶಾಲೆ, ತೋಟ, ಹೊಲಗಳಿಗೂ ಹಬ್ಬಿತು. ೨೦೨೧ರಲ್ಲಿ ಬಂದ ಜೀರೋ ೨ ಡಬ್ಲ್ಯೂ ಎಂಬ ಮಾದರಿಯು ೬೫ ಮಿಲಿಮೀಟರು ಉದ್ದ, ೩೦ ಮಿಲಿಮೀಟರು ಅಗಲ ಮಾತ್ರ ಇದ್ದು, ಸಾಮಾನ್ಯವಾಗಿ ಪಿನ್ನುಗಳಿಲ್ಲದೆ ಬರುವುದು. ಪಿನ್ನುಗಳನ್ನು ತಿಳಿದವರಿಂದ ಬೆಸುಗೆ ಹಾಕಿಸಿಕೊಳ್ಳಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುವುದು ಅವಶ್ಯಕ. ಪ್ರಾಣಿ ಬಂದಾಗ ದೀಪ ಹತ್ತಿದರೆ ಸಾಕೆನ್ನುವವರಿಗೆ ಗಣಕವೇ ಬೇಡ. ಸೂಚಕವಿರುವ ಸೋಲಾರ್ ದೀಪವೊಂದೇ ಸಾಕು. ಗಣಕದ ಪ್ರಯೋಜನವಿರುವುದು ಬರೆದಿಡುವುದರಲ್ಲಿ. ಯಾವ ಕಂಡಿಯಲ್ಲಿ, ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಪ್ರಾಣಿ ಹಾಯ್ದಿತೆಂಬುದನ್ನು ಅದು ನಿದ್ರೆಯಿಲ್ಲದೆ ದಾಖಲು ಮಾಡುವುದು.

ಒಂದು ಕೊರತೆಯನ್ನೂ ತಿಳಿದಿರಬೇಕು. ಜೀರೋ ೨ ಡಬ್ಲ್ಯೂ ಮಾದರಿಯಲ್ಲಿ ಸ್ವಂತ ಗಡಿಯಾರವಿಲ್ಲ. ಅಂತರಜಾಲದ ಸಂಪರ್ಕವಿರುವಲ್ಲಿ ಅದು ಹೊತ್ತನ್ನು ಅಲ್ಲಿಂದ ಪಡೆಯುವುದು. ಸಂಪರ್ಕವಿಲ್ಲದ ಹೊಲದಲ್ಲಿ ಒಂದು ಸಾರಿ ವಿದ್ಯುತ್ತು ಹೋಗಿ ಬಂದರೆ ತಪ್ಪು ಹೊತ್ತನ್ನು ಬರೆಯತೊಡಗುವುದು. ಆದುದರಿಂದ ಡಿ.ಎಸ್. ೩೨೩೧ ಎಂಬ ಸಣ್ಣ ಗಡಿಯಾರದ ಹಲಗೆಯನ್ನು ಅದರ ಗುಂಡಿಬ್ಯಾಟರಿಯೊಂದಿಗೆ ಸೇರಿಸತಕ್ಕದ್ದು. ಹೊತ್ತು ತಪ್ಪಾದ ದಾಖಲೆಯು ಇಲ್ಲದ ದಾಖಲೆಗಿಂತ ಕೆಟ್ಟದು.

೩. ತಂತಿಗಳ ಜೋಡಣೆ

ಸೂಚಕಕ್ಕೆ ಮೂರು ಪಿನ್ನುಗಳು: ವಿದ್ಯುತ್ತು ಒಳಬರುವುದು, ಸೂಚನೆ ಹೊರಹೋಗುವುದು, ನೆಲ ಅಥವಾ ಗ್ರೌಂಡು. ಯಾವುದು ಯಾವುದೆಂಬುದನ್ನು ಹಲಗೆಯ ಮೇಲಿನ ಬರಹವನ್ನು ಓದಿಯೇ ಗೊತ್ತುಮಾಡಿಕೊಳ್ಳಬೇಕು. ಗುಮ್ಮಟವನ್ನು ಮೆಲ್ಲಗೆ ತೆಗೆದರೆ ಕೆಲವು ಹಲಗೆಗಳಲ್ಲಿ ಬರಹ ಅದರಡಿಯಲ್ಲಿ ಕಾಣುವುದು. ಗಣಕದಲ್ಲಿ ೪೦ ಪಿನ್ನುಗಳು ಎರಡು ಸಾಲಾಗಿವೆ. ಜೋಡಣೆಯು ಹೀಗಿರಬೇಕು:

ಸೂಚಕದ ವಿದ್ಯುತ್ ಪಿನ್ನು — ಗಣಕದ ೨ನೆಯ ಪಿನ್ನಿಗೆ (೫ ವೋಲ್ಟ್).
ಸೂಚಕದ ಗ್ರೌಂಡು — ಗಣಕದ ೬ನೆಯ ಪಿನ್ನಿಗೆ.
ಸೂಚಕದ ಸೂಚನೆಯ ಪಿನ್ನು — ಗಣಕದ ೧೧ನೆಯ ಪಿನ್ನಿಗೆ.

ಎರಡನೆಯ ಸೂಚಕವಿದ್ದರೆ ಅದರ ವಿದ್ಯುತ್ತನ್ನು ೪ನೆಯ ಪಿನ್ನಿನಿಂದಲೂ, ಗ್ರೌಂಡನ್ನು ೯ನೆಯದರಿಂದಲೂ, ಸೂಚನೆಯನ್ನು ೭ನೆಯದಕ್ಕೂ ಕೊಡಬಹುದು.

ಹೊಸಬರು ಹೆಚ್ಚಾಗಿ ಎಡವುವ ಸ್ಥಳ ಇದು. ಗಣಕದ ಪಿನ್ನುಗಳಿಗೆ ಎರಡು ಬಗೆಯ ಲೆಕ್ಕವುಂಟು: ಒಂದು ಸಾಲಿನಲ್ಲಿ ಕೂತಿರುವ ಕ್ರಮದ ಸಂಖ್ಯೆ, ಇನ್ನೊಂದು ಪ್ರೋಗ್ರಾಮು ಅದನ್ನು ಗುರುತಿಸುವ ಜಿ.ಪಿ.ಐ.ಒ. ಸಂಖ್ಯೆ. ಸಾಲಿನ ೧೧ನೆಯ ಪಿನ್ನಿಗೆ ಪ್ರೋಗ್ರಾಮಿನಲ್ಲಿ ೧೭ ಎಂದು ಹೆಸರು. ೭ನೆಯದಕ್ಕೆ ೪ ಎಂದು ಹೆಸರು. ಜಮೀನಿಗೆ ಸರ್ವೆ ನಂಬರೂ ಇದ್ದು, ಊರಿನವರು ಕರೆಯುವ ಹೆಸರೂ ಬೇರೆ ಇರುವಂತೆ ಇದನ್ನು ತಿಳಿಯಬೇಕು. ಜೋಡಣೆ ಸರಿಯಿದ್ದೂ ಸೂಚನೆ ಬಾರದಿದ್ದರೆ ಮೊದಲು ಈ ಎರಡು ಲೆಕ್ಕಗಳು ಅದಲುಬದಲಾಗಿವೆಯೇ ಎಂದು ನೋಡತಕ್ಕದ್ದು.

ಗಣಕದ ಸೂಚನಾ ಪಿನ್ನುಗಳು ೩.೩ ವೋಲ್ಟನ್ನು ಮಾತ್ರ ತಡೆಯುವುವು. ಮೇಲೆ ಹೇಳಿದ ಸೂಚಕವು ೫ ವೋಲ್ಟನ್ನು ತೆಗೆದುಕೊಂಡರೂ ಸೂಚನೆಯನ್ನು ೩.೩ ವೋಲ್ಟಿನಲ್ಲಿಯೇ ಕೊಡುವುದರಿಂದ ಭಯವಿಲ್ಲ. ಬೇರೆ ಸೂಚಕವು ೫ ವೋಲ್ಟಿನ ಸೂಚನೆ ಕೊಡುವುದಾದರೆ ೧೦ ಸಾವಿರ ಓಮ್ ಮತ್ತು ೨೦ ಸಾವಿರ ಓಮ್‌ಗಳ ಎರಡು ಪ್ರತಿರೋಧಗಳನ್ನು ಸೂಚನೆಯ ತಂತಿಯಿಂದ ಗ್ರೌಂಡಿನವರೆಗೆ ಸಾಲಾಗಿ ಜೋಡಿಸಿ, ಅವುಗಳ ನಡುವಣ ಗಂಟಿನಿಂದ ಗಣಕಕ್ಕೆ ತಂತಿಯನ್ನು ಎಳೆಯಬೇಕು. ೨೦ ಸಾವಿರದ್ದು ಗ್ರೌಂಡಿನ ಕಡೆಗಿರಬೇಕು. ಆಗ ೫ ವೋಲ್ಟಿನ ಮೂರರಲ್ಲಿ ಎರಡು ಪಾಲು, ಎಂದರೆ ಸುಮಾರು ೩.೩ ವೋಲ್ಟ್ ಮಾತ್ರ ಗಣಕವನ್ನು ಮುಟ್ಟುವುದು. ಜೋಡಣೆಯನ್ನೆಲ್ಲ ವಿದ್ಯುತ್ತನ್ನು ತೆಗೆದ ಮೇಲೆಯೇ ಮಾಡತಕ್ಕದ್ದು.

ಸೂಚಕವನ್ನು ಗಣಕಕ್ಕೆ ಅಂಟಿಸಿಟ್ಟರೆ ಗಣಕದ ವೈಫೈ ಅಲೆಗಳಿಂದಲೇ ಸುಳ್ಳು ಸೂಚನೆ ಹುಟ್ಟುವುದುಂಟು. ಎರಡರ ನಡುವೆ ಮೊಳದಷ್ಟಾದರೂ ಅಂತರವಿರಲಿ. ತಂತಿಗಳನ್ನು ಪಂಪುಸೆಟ್ಟಿನ ವಿದ್ಯುತ್ ತಂತಿಗಳ ಜೊತೆಯಲ್ಲಿ ಒಂದೇ ಕೊಳವೆಯಲ್ಲಿ ಒಯ್ಯಕೂಡದು.

೪. ಓದುವ ಪ್ರೋಗ್ರಾಮು

ಗಣಕಕ್ಕೆ ಕೆಲಸವನ್ನು ಹೇಳುವುದಕ್ಕೆ ಪೈಥಾನ್ ಎಂಬ ಭಾಷೆಯೂ, ಅದರಲ್ಲಿ ಜಿ.ಪಿ.ಐ.ಒ. ಜೀರೋ ಎಂಬ ಸಿದ್ಧವಾದ ಪ್ರೋಗ್ರಾಮುಗಳ ಭಂಡಾರವೂ ಉಂಟು. ಚಲನಸೂಚಕವನ್ನು ಓದುವ ಭಾಗವು ಈ ಭಂಡಾರದಲ್ಲಿ ಮೊದಲೇ ಇರುವುದರಿಂದ ಬರೆಯಬೇಕಾದುದು ಹತ್ತು ಸಾಲನ್ನು ಮೀರದು. ಗ್ರಾಮದಲ್ಲಿ ಗಣಕದ ವಿದ್ಯೆಯನ್ನು ಕಲಿತ ಹುಡುಗನೋ ಹುಡುಗಿಯೋ ಇದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಅದರ ಕ್ರಮ ಹೀಗೆ:

(೧) ಸೂಚಕವು ೧೭ನೆಯ ಸಂಖ್ಯೆಯಲ್ಲಿದೆಯೆಂದು ಗಣಕಕ್ಕೆ ತಿಳಿಸುವುದು. (೨) ಮೊದಲ ಒಂದು ನಿಮಿಷ ಸುಮ್ಮನಿರಿಸುವುದು. (೩) ಚಲನೆ ಕಾಣುವವರೆಗೆ ಕಾಯಿಸುವುದು. (೪) ಕಂಡೊಡನೆ ದಿನ, ಗಂಟೆ, ನಿಮಿಷ, ಸೆಕೆಂಡು, ಸೂಚಕದ ಹೆಸರು ಇವುಗಳನ್ನು ಕಡತದ ಕೊನೆಯಲ್ಲಿ ಒಂದು ಸಾಲಾಗಿ ಬರೆಯಿಸುವುದು. (೫) ಸೂಚನೆಯು ಇಳಿಯುವವರೆಗೆ ಕಾದು, ಇಳಿದ ಹೊತ್ತನ್ನೂ ಬರೆಯಿಸುವುದು. (೬) ಮತ್ತೆ ಮೂರನೆಯ ಹೆಜ್ಜೆಗೆ ಹಿಂದಿರುಗಿಸುವುದು.

ಭಂಡಾರದ ಈ ಭಾಗವು ಸೂಚಕವನ್ನು ಸೆಕೆಂಡಿಗೆ ೧೦ ಸಾರಿ ವಿಚಾರಿಸುವುದು. ಪ್ರಾಣಿಗಳ ನಡಿಗೆಗೆ ಇಷ್ಟು ಧಾರಾಳವಾಗಿ ಸಾಕು. ಎರಡು ಸೂಚಕಗಳಿದ್ದಲ್ಲಿ ಒಂದನ್ನು ಕಾಯುತ್ತ ಇನ್ನೊಂದನ್ನು ಮರೆಯದಂತೆ, ಯಾವುದು ಎದ್ದರೂ ಒಡನೆ ಬರೆಯುವ ಹಾಗೆ ಪ್ರೋಗ್ರಾಮನ್ನು ರಚಿಸಬೇಕು. ಪ್ರತಿ ಸಾಲನ್ನೂ ಬರೆದೊಡನೆ ಮೆಮೊರಿ ಕಾರ್ಡಿಗೆ ಸೇರಿಸುವಂತೆ ಮಾಡಬೇಕು. ವಿದ್ಯುತ್ತು ಥಟ್ಟನೆ ಹೋದರೆ ಸೇರದ ಸಾಲುಗಳು ಕಳೆದುಹೋಗುವುವು. ಗಣಕವನ್ನು ನಿಲ್ಲಿಸುವಾಗ ತಂತಿಯನ್ನು ಕಿತ್ತು ನಿಲ್ಲಿಸದೆ ಕ್ರಮವಾಗಿ ನಿಲ್ಲಿಸಬೇಕು. ಇಲ್ಲವಾದರೆ ಕಾರ್ಡೇ ಕೆಡುವ ಸಂಭವವಿದೆ.

೫. ಸ್ಥಳದ ಆಯ್ಕೆ

ಕಾಡುಪ್ರಾಣಿಗಳು ಹೊಲಕ್ಕೆ ಎಲ್ಲೆಂದರಲ್ಲಿ ನುಗ್ಗುವುದಿಲ್ಲ. ಹಳ್ಳದ ದಡ, ಬೇಲಿಯ ಕಂಡಿ, ಬದುವಿನ ತಿರುವು ಹೀಗೆ ಅವಕ್ಕೆ ರೂಢಿಯಾದ ದಾರಿಗಳಿರುವುವು. ೨೩ ಅಡಿಯ ದೃಷ್ಟಿಯುಳ್ಳ ಸೂಚಕವು ಕಾಯಬೇಕಾದುದು ಈ ಕಂಡಿಗಳನ್ನೇ ಹೊರತು ಹೊಲವನ್ನಲ್ಲ. ಹೆಜ್ಜೆ, ಲದ್ದಿ, ಮೈ ಉಜ್ಜಿದ ಮರ, ಅಗೆದ ಮಣ್ಣು ಇವುಗಳನ್ನು ನೋಡಿ ಕಂಡಿಯನ್ನು ಗೊತ್ತುಮಾಡಬೇಕು. ಈ ಕೆಲಸದಲ್ಲಿ ಹೊಲವನ್ನು ನಲವತ್ತು ವರ್ಷ ಕಾದ ಮುದುಕನ ಮಾತಿಗೆ ಯಾವ ಯಂತ್ರವೂ ಸಮನಲ್ಲ.

ಸೂಚಕವನ್ನು ದಾರಿಯ ಪಕ್ಕದಲ್ಲಿ, ೮ ರಿಂದ ೧೨ ಅಡಿ ದೂರದಲ್ಲಿ, ಪ್ರಾಣಿ ಅಡ್ಡಲಾಗಿ ಹಾಯುವಂತೆ ನಿಲ್ಲಿಸಬೇಕು. ಹಂದಿಗಾಗಿ ಆದರೆ ನೆಲದಿಂದ ಎರಡೂವರೆ ಅಡಿ ಎತ್ತರ ಸರಿಹೋಗುವುದು. ಗಾಳಿಗೆ ಅಲುಗುವ ಬಿದಿರುಮೆಳೆಗೋ ಎಳೆಯ ಗಿಡಕ್ಕೋ ಕಟ್ಟದೆ, ಹುಗಿದ ಗಟ್ಟಿ ಕಂಬಕ್ಕೆ ಕಟ್ಟಬೇಕು. ಎದುರಿನಲ್ಲಿ ಬಿಸಿಲಿಗೆ ಕಾಯುವ ಬಂಡೆ, ತಗಡಿನ ಮಾಡು, ಓಲಾಡುವ ಎಲೆ ಇವು ಇರಕೂಡದು. ಕಾದ ಬಂಡೆಯ ಮುಂದೆ ಎಲೆ ಓಲಾಡಿದರೆ ಸೂಚಕಕ್ಕೆ ಅದೂ ಒಂದು ಪ್ರಾಣಿಯೇ. ಬೆಳಗಿನ ಅಥವಾ ಸಂಜೆಯ ಬಿಸಿಲು ನೇರವಾಗಿ ಗುಮ್ಮಟದ ಮೇಲೆ ಬೀಳದಂತೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡುವುದು ಉತ್ತಮ.

ಈ ಹಲಗೆಗಳು ಮಳೆಯನ್ನು ತಾಳುವಂತಹವಲ್ಲ. ಪಿ.ವಿ.ಸಿ. ಕೊಳವೆಯ ತುಂಡಿನಲ್ಲಿ ಹಲಗೆಯನ್ನು ಇಟ್ಟು, ಗುಮ್ಮಟ ಮಾತ್ರ ಹೊರಗೆ ಕಾಣುವಂತೆ ಮಾಡಿ, ಮೇಲೆ ಸಣ್ಣ ಮಾಡನ್ನು ಇಳಿಸಬೇಕು. ಮಳೆಗೆಂದು ಗುಮ್ಮಟದ ಮುಂದೆ ಗಾಜನ್ನು ಇಡಬಾರದು. ಕಣ್ಣಿಗೆ ಕಾಣುವ ಬೆಳಕು ಗಾಜನ್ನು ದಾಟಿದರೂ ಮೈಶಾಖದ ಕಿರಣಗಳು ದಾಟುವುದಿಲ್ಲ. ಗುಮ್ಮಟದ ಮುಂದೆ ಒಂದು ಗೇಣುದ್ದದ ಕೊಳವೆಯನ್ನು ಕೂಡಿಸಿದರೆ ದೃಷ್ಟಿಯು ಕಿರಿದಾಗಿ, ಬೇಕಾದ ದಾರಿಯನ್ನು ಮಾತ್ರ ಕಾಣುವುದು. ವಾರಕ್ಕೊಮ್ಮೆ ಜೇಡರ ಬಲೆ, ಇರುವೆಗೂಡುಗಳನ್ನು ತೆಗೆದು ಗುಮ್ಮಟವನ್ನು ಒರಸಬೇಕು.

ಒಂದು ಕಂಡಿಗೆ ಎರಡು ಸೂಚಕಗಳನ್ನು ಇಡುವುದು ಹೆಚ್ಚು ಲಾಭಕರ. ಒಂದನ್ನು ಕಾಡಿನ ಕಡೆಗೂ ಇನ್ನೊಂದನ್ನು ಅಲ್ಲಿಂದ ೧೨ ಅಡಿ ಹೊಲದ ಕಡೆಗೂ, ಒಂದರ ದೃಷ್ಟಿ ಇನ್ನೊಂದಕ್ಕೆ ಬೆರೆಯದಂತೆ ನಿಲ್ಲಿಸಿದರೆ, ಯಾವುದು ಮೊದಲು ಎದ್ದಿತೆಂಬುದರಿಂದ ಪ್ರಾಣಿ ಒಳಗೆ ಬಂದಿತೋ ಹೊರಗೆ ಹೋಯಿತೋ ತಿಳಿಯುವುದು. ಒಂದೇ ಎದ್ದು ಇನ್ನೊಂದು ಏಳದಿದ್ದರೆ ಸುಳ್ಳು ಸೂಚನೆಯೆಂದು ಸಂದೇಹಪಡಬಹುದು.

೬. ಹತ್ತು ರಾತ್ರಿಯ ಪರೀಕ್ಷೆ

ಸೂಚಕವನ್ನು ಕಟ್ಟಿದ ದಿನವೇ ಅದಕ್ಕೆ ಗಂಟೆಯನ್ನು ಜೋಡಿಸುವುದು ದೊಡ್ಡ ತಪ್ಪು. ಮೊದಲ ಹತ್ತು ರಾತ್ರಿ ಗಣಕವು ಬರೆಯಲಿ, ಕೂಗದಿರಲಿ. ಆ ಹತ್ತು ರಾತ್ರಿ ವಾಡಿಕೆಯ ಕಾವಲನ್ನೂ ಬಿಡಬಾರದು.

ಮೊದಲ ಸಂಜೆ ಒಬ್ಬನು ಸೂಚಕದ ಎದುರಿನಲ್ಲಿ ೩, ೬, ೯, ೧೨, ೧೫ ಅಡಿಗಳ ದೂರದಲ್ಲಿ ಗೂಟ ಹೊಡೆದು, ಪ್ರತಿ ದೂರದಲ್ಲಿಯೂ ಹತ್ತು ಹತ್ತು ಸಾರಿ ಅಡ್ಡಲಾಗಿ ನಡೆಯಲಿ. ಎಷ್ಟು ಸಾರಿ ದಾಖಲಾಯಿತೆಂಬುದನ್ನು ಬರೆದಿಟ್ಟುಕೊಂಡು, ಹತ್ತಕ್ಕೆ ಒಂಬತ್ತಾದರೂ ಬರುವ ದೂರವನ್ನೇ ಆ ಸೂಚಕದ ನಂಬತಕ್ಕ ದೂರವೆಂದು ತಿಳಿಯಬೇಕು. ಕಾಗದದಲ್ಲಿರುವ ೭ ಮೀಟರನ್ನು ನಂಬಬಾರದು.

ಬಳಿಕ ಕಂಡಿಯ ಅಡ್ಡಕ್ಕೆ ಮೂರು ಅಡಿ ಅಗಲದಲ್ಲಿ ನೆಲವನ್ನು ಸಡಿಲಿಸಿ, ಜರಡಿ ಹಿಡಿದ ಮಣ್ಣನ್ನು ಹರಡಿ, ಪ್ರತಿ ಸಂಜೆಯೂ ಸೊಪ್ಪಿನಿಂದ ಗುಡಿಸಿ ನುಣುಪು ಮಾಡಬೇಕು. ಬೆಳಿಗ್ಗೆ ಆ ಮಣ್ಣಿನ ಮೇಲೆ ಬಿದ್ದ ಹೆಜ್ಜೆಗಳನ್ನು ಗಣಕದ ದಾಖಲೆಯೊಂದಿಗೆ ಹೋಲಿಸಿ, ಒಂದು ಪುಸ್ತಕದಲ್ಲಿ ಮೂರು ಲೆಕ್ಕಗಳನ್ನು ಇಡಬೇಕು: ಹೆಜ್ಜೆಯೂ ದಾಖಲೆಯೂ ಇದ್ದುದು, ದಾಖಲೆಯಿದ್ದು ಹೆಜ್ಜೆ ಇಲ್ಲದುದು, ಹೆಜ್ಜೆಯಿದ್ದು ದಾಖಲೆ ಇಲ್ಲದುದು. ಎರಡನೆಯದು ಹೆಚ್ಚಾದರೆ ಸೂಚಕವು ಸುಳ್ಳು ಹೇಳುತ್ತಿದೆ. ಎದುರಿನ ಎಲೆ, ಬಂಡೆ, ಬಿಸಿಲುಗಳನ್ನು ನೋಡಿ ದೃಷ್ಟಿಯ ತಿರುಪನ್ನು ಕಡಿಮೆ ಮಾಡಬೇಕು. ಮೂರನೆಯದು ಒಂದಾದರೂ ಬಂದರೆ ಸೂಚಕವು ಕುರುಡಾಗಿದೆ. ಎತ್ತರವನ್ನೂ ದಿಕ್ಕನ್ನೂ ಬದಲಾಯಿಸಬೇಕು. ಸುಳ್ಳು ಸೂಚನೆಯಿಂದ ನಿದ್ರೆ ಹೋಗುವುದು. ತಪ್ಪಿದ ಸೂಚನೆಯಿಂದ ಬೆಳೆ ಹೋಗುವುದು.

೭. ದಾಖಲೆಯನ್ನು ಓದುವ ಬಗೆ

ಎರಡು ಸೂಚಕಗಳುಳ್ಳ ಒಂದು ಕಂಡಿಯಲ್ಲಿ ಒಂದು ರಾತ್ರಿ ಈ ಕೆಳಗಿನಂತೆ ದಾಖಲಾಯಿತೆಂದು ಮಾದರಿಗಾಗಿ ಭಾವಿಸಬಹುದು.

ಸಂಜೆ ೬-೧೨: ಹೊರಗಿನದು ಮಾತ್ರ, ಐದು ನಿಮಿಷದಲ್ಲಿ ಹನ್ನೊಂದು ಸಾರಿ.
ರಾತ್ರಿ ೧೦-೩೮: ಹೊರಗಿನದು, ೭ ಸೆಕೆಂಡು ಕಳೆದು ಒಳಗಿನದು, ಎರಡೂ ಸುಮಾರು ೪೦ ಸೆಕೆಂಡು ಎದ್ದೇ ಇದ್ದುವು.
ರಾತ್ರಿ ೧-೦೫: ಒಳಗಿನದು ಮಾತ್ರ, ಒಂದು ಸಾರಿ, ೩ ಸೆಕೆಂಡು.
ಬೆಳಗಿನ ಜಾವ ೪-೫೦: ಒಳಗಿನದು, ೬ ಸೆಕೆಂಡು ಕಳೆದು ಹೊರಗಿನದು, ಸುಮಾರು ೩೫ ಸೆಕೆಂಡು.

ಮೊದಲನೆಯ ಸಾಲು ಹಗಲಿನ ಬಿಸಿ ನೆಲದಲ್ಲಿ ಇನ್ನೂ ಉಳಿದಿರುವಾಗ ಸಂಜೆಯ ಗಾಳಿಗೆ ಅಲುಗಿದ ಗಿಡದ್ದಾಗಿರಬಹುದು; ಒಳಗಿನ ಸೂಚಕವು ಏಳದಿರುವುದೂ ಮಣ್ಣಿನ ಮೇಲೆ ಹೆಜ್ಜೆಯಿಲ್ಲದಿರುವುದೂ ಇದಕ್ಕೆ ಸಾಕ್ಷಿ. ಮೂರನೆಯದು ಇಲಿಯನ್ನು ಅರಸಿ ಬಂದ ಬೆಕ್ಕೋ, ಕಂಬದ ಹತ್ತಿರ ಹಾರಿದ ಹಕ್ಕಿಯೋ ಆಗಿರಬಹುದು. ಎರಡನೆಯದೂ ನಾಲ್ಕನೆಯದೂ ಗಮನಿಸತಕ್ಕುವು. ಹೊರಗಿನದು ಮೊದಲು, ಒಳಗಿನದು ಆಮೇಲೆ ಎದ್ದುದರಿಂದ ೧೦-೩೮ಕ್ಕೆ ಪ್ರಾಣಿಗಳು ಹೊಲವನ್ನು ಹೊಕ್ಕುವು. ೪-೫೦ಕ್ಕೆ ಅದೇ ದಾರಿಯಲ್ಲಿ ಹಿಂದಿರುಗಿದುವು. ಸೂಚನೆಯು ೪೦ ಸೆಕೆಂಡು ಇಳಿಯದಿದ್ದುದರಿಂದ ಒಂಟಿ ಪ್ರಾಣಿಯಲ್ಲ, ಒಂದರ ಹಿಂದೊಂದಾಗಿ ಹಿಂಡೇ ದಾಟಿತೆಂದು ಊಹಿಸಬೇಕು. ಬೆಳಿಗ್ಗೆ ಮಣ್ಣಿನ ಮೇಲೆ ಹಂದಿಯ ಗೊರಸಿನ ಗುರುತುಗಳು ಕಂಡರೆ ಊಹೆಯು ನಿಶ್ಚಯವಾಗುವುದು. ಸೂಚನೆಗಳ ಸಂಖ್ಯೆಯಿಂದ ತಲೆಗಳನ್ನು ಎಣಿಸುವುದಕ್ಕೆ ಮಾತ್ರ ಹೋಗಬಾರದು.

ಈ ದಾಖಲೆಯಿಂದ ತಿಳಿಯುವ ಮುಖ್ಯ ಸಂಗತಿಯೇನೆಂದರೆ, ಹಿಂಡು ಆ ಹೊಲದಲ್ಲಿ ಆರು ಗಂಟೆ ಹನ್ನೆರಡು ನಿಮಿಷ ಕಾಲ ಇದ್ದಿತು. ಕಾವಲುಗಾರನು ಬೆಳಗಿನ ಜಾವದಲ್ಲಿ ಎದ್ದು ತಮಟೆ ಬಡಿದು, ಪ್ರಾಣಿಗಳನ್ನು ಓಡಿಸಿದೆನೆಂದು ತೃಪ್ತಿಪಟ್ಟುಕೊಂಡರೆ ಅದು ಹೊಟ್ಟೆ ತುಂಬಿದ ಹಿಂಡನ್ನು ಬೀಳ್ಕೊಟ್ಟಂತೆ ಆಗುವುದು. ಹತ್ತು ರಾತ್ರಿಯ ದಾಖಲೆಯಲ್ಲಿ ಏಳು ರಾತ್ರಿ ಹೊಗುವ ಹೊತ್ತು ಹತ್ತರಿಂದ ಹನ್ನೊಂದರ ಒಳಗೇ ಇದ್ದರೆ, ಆ ಒಂದು ಗಂಟೆಯಲ್ಲಿ ಆ ಒಂದು ಕಂಡಿಯಲ್ಲಿ ಎಚ್ಚರವಾಗಿರುವುದು ರಾತ್ರಿಯೆಲ್ಲ ಹೊಲದ ನಡುವೆ ತೂಕಡಿಸುವುದಕ್ಕಿಂತ ಎಷ್ಟೋ ಮೇಲು. ಹಲವು ವೇಳೆ ಆ ಕಂಡಿಯನ್ನು ಮುಳ್ಳುಬೇಲಿಯಿಂದ ಭದ್ರಪಡಿಸುವುದೇ ಸಾಕಾಗಬಹುದು.

೮. ಎಚ್ಚರಿಕೆಯ ಗಂಟೆ, ಮಾಡಕೂಡದ ಕೆಲಸಗಳು

ಪರೀಕ್ಷೆ ಮುಗಿದ ಮೇಲೆ ಗಂಟೆಯನ್ನು ಜೋಡಿಸಬಹುದು. ಎರಡು ಸೂಚಕಗಳೂ, ಮೊದಲು ಹೊರಗಿನದು, ಅರ್ಧ ನಿಮಿಷದೊಳಗೆ ಒಳಗಿನದು, ಎದ್ದರೆ ಮಾತ್ರ ಕೂಗುವಂತೆ ಪ್ರೋಗ್ರಾಮನ್ನು ಬರೆಯಬೇಕು. ಗಣಕದ ಪಿನ್ನಿಗೆ ಗಂಟೆಯನ್ನು ನೇರವಾಗಿ ಕಟ್ಟಬಾರದು. ಅದು ಹೊರುವ ವಿದ್ಯುತ್ತು ಬಹು ಸ್ವಲ್ಪ. ನಡುವೆ ರಿಲೇ ಹಲಗೆಯನ್ನು ಇಟ್ಟು ಬ್ಯಾಟರಿಯಿಂದ ಗಂಟೆಯನ್ನೋ ದೀಪವನ್ನೋ ನಡೆಯಿಸಬೇಕು. ಗಂಟೆಯು ಕಾವಲುಗಾರನನ್ನು ಎಬ್ಬಿಸಲಿ. ಪ್ರಾಣಿಯನ್ನು ಓಡಿಸುವುದು ಅದರ ಕೆಲಸವಲ್ಲ. ಒಂದೇ ಸದ್ದನ್ನು ದಿನವೂ ಕೇಳಿದ ಹಂದಿಯು ಅದಕ್ಕೆ ಒಗ್ಗಿಕೊಳ್ಳುವುದು.

ಆನೆಯ ಸಂಚಾರವಿರುವ ಗ್ರಾಮಗಳಲ್ಲಿ ಗಂಟೆಯು ಮನೆಯ ಹತ್ತಿರ ಇರತಕ್ಕದ್ದು. ಅದನ್ನು ಕೇಳಿ ಯಾರೂ ಕತ್ತಲೆಯಲ್ಲಿ ಕಂಡಿಯ ಕಡೆಗೆ ಹೋಗಕೂಡದು. ಮನೆಯವರನ್ನು ಎಚ್ಚರಿಸಿ, ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಹೋದ ಬೆಳೆ ಮತ್ತೊಂದು ವರ್ಷ ಬರುವುದು. ಹೋದ ಮನುಷ್ಯ ಬಾರನು.

ರಿಲೇಯ ಮೂಲಕ ಬೇಲಿಗೆ ಮನೆಯ ಅಥವಾ ಪಂಪುಸೆಟ್ಟಿನ ವಿದ್ಯುತ್ತನ್ನು ಹಾಯಿಸುವ ಆಲೋಚನೆಯನ್ನು ಯಾರೂ ಮನಸ್ಸಿಗೆ ತಂದುಕೊಳ್ಳಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಆನೆಯ ಸಾವಿಗೆ ಕಾರಣವಾಗುವುದು ಶಿಕ್ಷಾರ್ಹವಾದ ಅಪರಾಧ. ಅಂತಹ ಬೇಲಿಯು ಹಂದಿಯೆಂದೂ ನೀರು ಕಟ್ಟಲು ಬಂದ ಮಗನೆಂದೂ ಭೇದ ಎಣಿಸದು. ಸೋಲಾರ್ ಬೇಲಿಯ ಬಗೆಯೇ ಬೇರೆ. ಅದರಲ್ಲಿ ಕ್ಷಣಮಾತ್ರದ ತುಡಿತಗಳು ಮಾತ್ರ ಹಾಯುವುದರಿಂದ ಪ್ರಾಣಿ ಬೆದರುವುದು, ಸಾಯದು. ಅದನ್ನೂ ನಿಯಮಕ್ಕೆ ತಕ್ಕ ಯಂತ್ರದಿಂದಲೇ ಹಾಕಿಸಬೇಕು.

೯. ವಿದ್ಯುತ್ತಿನ ಲೆಕ್ಕ

ಗಣಕ, ಸೂಚಕಗಳು, ವೋಲ್ಟನ್ನು ಇಳಿಸುವ ಹಲಗೆಯ ನಷ್ಟ ಇವೆಲ್ಲವೂ ಸೇರಿ ಒಂದೂವರೆ ವಾಟ್ ಎಂದು ಹಿಡಿದರೆ, ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ೧೨ ಗಂಟೆಗೆ ೧೮ ವಾಟ್-ಗಂಟೆ ಬೇಕು. ೧೨ ವೋಲ್ಟ್, ೭ ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ೮೪ ವಾಟ್-ಗಂಟೆ ಇರುವುದು. ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧವನ್ನು, ಎಂದರೆ ೪೨ನ್ನು ಮಾತ್ರ ಬಳಸಬೇಕು. ಹೀಗೆ ಬಿಸಿಲಿಲ್ಲದೆ ಎರಡು ರಾತ್ರಿ ನಡೆಯುವುದು. ೨೦ ವಾಟ್ ಸೋಲಾರ್ ಫಲಕವು ದಿನಕ್ಕೆ ನಾಲ್ಕು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ, ನಷ್ಟವನ್ನು ಕಳೆದು, ಸುಮಾರು ೫೦ ವಾಟ್-ಗಂಟೆಯನ್ನು ಕೊಡಬಲ್ಲುದು. ಇದು ಒಂದು ಕಂಡಿಗೆ ಸಾಕು. ಮೋಡ ಮುಸುಕಿದ ಮಲೆನಾಡಿನ ಮಳೆಗಾಲದಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಬ್ಯಾಟರಿಯನ್ನು ಮನೆಯಲ್ಲಿ ತುಂಬಿಸಿ ತಂದು ಬದಲಾಯಿಸುತ್ತಿರಬೇಕು.

೧೦. ಗ್ರಾಮದ ಮುಖ್ಯಸ್ಥರು ಮಾಡಬಹುದಾದುದು

ಕಾಡುಪ್ರಾಣಿಯು ಸರ್ವೆ ನಂಬರನ್ನು ನೋಡಿ ಬರುವುದಿಲ್ಲ. ಒಬ್ಬನು ತನ್ನ ಕಂಡಿಯನ್ನು ಮಾತ್ರ ಕಾದರೆ ಹಿಂಡು ಪಕ್ಕದವನ ಹೊಲಕ್ಕೆ ತಿರುಗುವುದು. ಆದುದರಿಂದ ಕಾಡಿನ ಅಂಚಿನಲ್ಲಿ ಜಮೀನುಳ್ಳವರು ಒಟ್ಟುಗೂಡಿ, ಊರಿನ ಅಂಚಿನ ಕಂಡಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ, ಹೆಚ್ಚು ಸಂಚಾರವಿರುವ ಎರಡು ಮೂರು ಕಂಡಿಗಳಿಗೆ ಸೂಚಕಗಳನ್ನು ಇಡುವುದು ಮೇಲು. ಖರ್ಚನ್ನೂ ಸರದಿಯ ಕಾವಲನ್ನೂ ಹಂಚಿಕೊಂಡರೆ ಬಡ ಹಿಡುವಳಿದಾರನಿಗೂ ಇದರ ಫಲ ಸಿಕ್ಕುವುದು. ಎಲ್ಲಿ ಸೂಚಕವಿದೆಯೆಂಬುದನ್ನು ಊರಿಗೆಲ್ಲ ತಿಳಿಸಿರಬೇಕು. ಹೆಂಗಸರು ನೀರಿಗೂ ಬಯಲಿಗೂ ಹೋಗುವ ದಾರಿಯ ಕಡೆಗೆ ಸೂಚಕವನ್ನಾಗಲಿ ಕ್ಯಾಮೆರಾವನ್ನಾಗಲಿ ತಿರುಗಿಸಕೂಡದು.

ಬೆಳೆನಷ್ಟವಾದಾಗ ಅರಣ್ಯ ಇಲಾಖೆಯಿಂದ ಪರಿಹಾರಧನವನ್ನು ಕೇಳುವುದಕ್ಕೆ ಅವಕಾಶವಿದೆ. ಸೂಚಕದ ದಾಖಲೆಯು ಸ್ಥಳ ತನಿಖೆಗೆ ಬದಲಾಗದು. ಆದರೆ ದಿನವೂ ಹೊತ್ತೂ ಖಚಿತವಾಗಿರುವ ದಾಖಲೆ, ಮಣ್ಣಿನ ಮೇಲಿನ ಹೆಜ್ಜೆಯ ಚಿತ್ರ ಇವುಗಳಿದ್ದರೆ ಅರ್ಜಿದಾರನ ಮಾತಿಗೆ ತೂಕ ಬರುವುದು.

ಚಲನಸೂಚಕವು ಕಾವಲುಗಾರನನ್ನು ಕೆಲಸದಿಂದ ಬಿಡಿಸುವುದಿಲ್ಲ. ಅವನು ಯಾವ ಹೊತ್ತಿನಲ್ಲಿ ಎಲ್ಲಿ ಎಚ್ಚರವಾಗಿರಬೇಕೆಂಬುದನ್ನು ಮಾತ್ರ ತಿಳಿಸುವುದು. ಮುಂದಿನ ರಾಗಿಯ ಬೆಳೆ ತೆನೆಗಟ್ಟುವ ಮುನ್ನ ಒಂದು ಕಂಡಿಯಲ್ಲಿ ಹತ್ತು ರಾತ್ರಿ ಇದನ್ನು ಪರೀಕ್ಷಿಸಿ, ಬೆಳಿಗ್ಗೆ ಮಣ್ಣಿನ ಮೇಲಿನ ಹೆಜ್ಜೆಯೊಂದಿಗೆ ದಾಖಲೆಯನ್ನು ಹೋಲಿಸಿ, ಎರಡೂ ಒಪ್ಪಿದ ಮೇಲೆಯೇ ನಂಬತಕ್ಕದ್ದು.